ಹದಿನಾಲ್ಕು ಸಲ

ಲಕ್ಷ್ಮೀಪುರಂ, ಮೈಸೂರು
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಣ್ಣಾ,

ಬೆನ್ನುನೋವು ಹೇಗಿದೆ? ದೆಹಲಿಯ ಚಳಿಗೆ ಜಾಸ್ತಿಯಾಗಿದೆಯೆಂದು ಅತ್ತಿಗೆ ಅಮ್ಮನಿಗೆ ಹೇಳಿದರಂತೆ. ಬೆಲ್ಟ್ ಕಟ್ಟಿಕೊಳ್ಳದೆ ಆಫೀಸಿಗೆ ಹೋಗಬೇಡ. ಅನನ್ಯಳ ಪರೀಕ್ಷೆ ಹತ್ತಿರ ಬಂತು, ರಾತ್ರಿ ನಿದ್ದೆಗೆಡಲು ಬಿಡಬೇಡಿ. ಅಮ್ಮ ಚೆನ್ನಾಗಿದ್ದಾಳೆ. ಮಂಗಳವಾರ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ನಿನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದದ್ದನ್ನು ಅರ್ಚಕರಿಗೂ ತೋರಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಮುಗಿಯಲು ಮನಸ್ಸು ಬರಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಚಿಕ್ಕಂದಿನಿಂದ ಹೀಗೇ. ಅದಕ್ಕೇ ಕಾಗದ.

ಶಾಲೆ ಮುಚ್ಚಿ ಕೆಲಸ ಹೋಗಿ ನಾನು ಮನೆಯಲ್ಲಿ ಕೂತಿದ್ದಾಗ ನೀನು ನಡೆಸುವ ಈ ಸಮೀಕ್ಷೆಗೆ ಸೇರು ಎಂದವನು ನೀನೇ. ಎಷ್ಟು ಉತ್ಸಾಹದಿಂದ ಹೇಳಿದ್ದೆ, ನೆನಪಿದೆಯಾ? ‘ನಮ್ಮಂಥ ಎಷ್ಟೋ ದೇಶಗಳಲ್ಲಿ ಒಂದೇ ಪ್ರಶ್ನೆ ಕೇಳ್ತಿದೀವಿ ಕಣೇ ಶುಭಾ. ಆಡಳಿತ ಸುಧಾರಿಸಿದೆಯೋ ಇಲ್ಲವೋ ಅಂತ ಮಂತ್ರಿಗಳು ಹೇಳೋದಲ್ಲ, ಜನ ಹೇಳ್ಬೇಕು.’ ಆ ಮಾತನ್ನು ನಾನು ನಂಬಿದೆ. ಬೋಗಾದಿಯ ಕಡೆ ನೂರಿಪ್ಪತ್ತು ಮನೆಗಳನ್ನು ನನಗೆ ಕೊಟ್ಟರು. ಸರ್ಕಾರಿ ಕಚೇರಿಗೆ ಹೋಗಿದ್ದಿರಾ, ಒಂದು ಕೆಲಸಕ್ಕೆ ಎಷ್ಟು ಸಲ ಅಲೆದಿರಿ, ಅಲ್ಲಿ ಮರ್ಯಾದೆಯಿಂದ ಮಾತಾಡಿಸಿದರಾ, ದೂರು ಕೊಟ್ಟರೆ ಯಾರಾದರೂ ಕೇಳುತ್ತಾರೆಂಬ ನಂಬಿಕೆ ಇದೆಯಾ. ಹೊಸ ಬಡಾವಣೆಯ ಬಾಡಿಗೆ ಮನೆಗಳವರು ಬಾಗಿಲ ಸಂದಿಯಲ್ಲೇ ‘ಎಲ್ಲಾ ಚೆನ್ನಾಗಿದೆ’ ಎಂದು ಕಳಿಸುತ್ತಿದ್ದರು. ಕೂರಿಸಿ ಮಾತಾಡಿಸಿದ್ದು ಹಳೆ ಊರಿನವರು.

ಅಲ್ಲಿ ಪುಟ್ಟಲಿಂಗಮ್ಮ ಎಂಬುವರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು. ಇದ್ದ ಜಮೀನು ಬಡಾವಣೆಗೆ ಹೋಯಿತು, ಗಂಡ ಸಣ್ಣಮಾದಯ್ಯ ಎರಡು ವರ್ಷದ ಹಿಂದೆ ತೀರಿಕೊಂಡರು. ನಾನು ಪ್ರಶ್ನೆ ಓದಿದಾಗ ಆಕೆ ‘ನನ್ ಎಸ್ರು ಎಲ್ಲೂ ಬರಾಕಿಲ್ಲ ತಾನೆ ಕಣಮ್ಮ?’ ಎಂದು ಮೂರು ಸಲ ಕೇಳಿದರು. ತರಬೇತಿಯಲ್ಲಿ ನೀವು ಕಲಿಸಿದ ಮಾತನ್ನೇ ಹೇಳಿದೆ: ನಿಮ್ಮ ಉತ್ತರ ಗುಟ್ಟಾಗಿರುತ್ತದೆ. ಅಷ್ಟಕ್ಕೆ ಬಿಡದೆ, ನಮ್ಮಮ್ಮನ ಆಣೆ ಎಂದೂ ಸೇರಿಸಿದೆ. ಆಮೇಲೆ ಹೇಳಿದರು. ವಿಧವಾ ವೇತನ ಕೈಗೆ ಬರುವ ಮೊದಲು ಹದಿನಾಲ್ಕು ಸಲ ಅಲೆದದ್ದು, ಗುಮಾಸ್ತ ಕೈ ಚಾಚಿದ್ದು, ‘ಗಂಡ ಸತ್ತಿದ್ದು ನಿಜಾನಾ’ ಎಂದು ಎಲ್ಲರ ಮುಂದೆ ನಕ್ಕದ್ದು. ಆ ನಗುವಿನ ಮಾತು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ನಗುವಿಗೆ ನಿಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ. ಸಂಖ್ಯೆಯ ಜಾಗದಲ್ಲಿ ಹದಿನಾಲ್ಕು ಎಂದು ತುಂಬಿದೆ.

ಮೂರು ವಾರದ ಮೇಲೆ ನಮ್ಮ ಮೇಲ್ವಿಚಾರಕ ರಾಜೇಶ್ ಫೋನ್ ಮಾಡಿದ. ನನ್ನ ಮನೆಗಳ ಉತ್ತರಗಳು ಬೇರೆ ಕಡೆಗಿಂತ ತೀರಾ ಕೆಟ್ಟದಾಗಿವೆಯಂತೆ, ದೆಹಲಿಯಿಂದ ಮರುಭೇಟಿಗೆ ಆದೇಶ ಬಂದಿದೆಯಂತೆ. ಆಗಲಿ ಎಂದೆ. ಹೋಗಿ ನೋಡಿದರೆ ಜೀಪಿನಲ್ಲಿ ಅವನ ಪಕ್ಕ, ಮನೆ ಗುರುತು ಹಿಡಿಯಲು ಎಂದು ಸ್ಥಳೀಯ ಕಚೇರಿಯಿಂದ ಕಳಿಸಿದ್ದ ಒಬ್ಬ ಮನುಷ್ಯ. ಪುಟ್ಟಲಿಂಗಮ್ಮ ಅವನನ್ನು ಕಂಡವರೇ ಜಗಲಿಯಿಂದ ಎದ್ದು ನಿಂತರು. ಆ ಗುಮಾಸ್ತ ಅವನೇ. ರಾಜೇಶ್‌ಗೆ ಅದು ಗೊತ್ತಿರಲಿಲ್ಲ. ಟ್ಯಾಬ್ ನೋಡುತ್ತಾ ಗಟ್ಟಿಯಾಗಿ, ‘ಹದಿನಾಲ್ಕು ಸಲ ಅಂತ ಬರೆಸಿದ್ದೀರಲ್ಲಮ್ಮಾ, ನಿಜವಾ?’ ಎಂದ. ಆಕೆ ನನ್ನ ಮುಖ ನೋಡಿದರು. ‘ಒಂದೇ ಸಲ ಕಣಪ್ಪ. ಓದೆ, ಮಾಡ್ಕೊಟ್ಬುಟ್ರು. ಒಳ್ಳೆ ಜನ’ ಎಂದರು. ರಾಜೇಶ್ ಹದಿನಾಲ್ಕನ್ನು ಒಂದು ಮಾಡಿದ. ನಾನು ಅಲ್ಲೇ ನಿಂತಿದ್ದೆ, ಅಣ್ಣಾ. ಒಂದು ಮಾತೂ ಆಡಲಿಲ್ಲ. ನಿನ್ನ ಮೇಲೆ ಬರೆಯುವ ಮೊದಲು ಇದನ್ನೂ ಬರೆಯಬೇಕು.

ಮುಂದಿನ ತಿಂಗಳು ಆಕೆಯ ವೇತನ ನಿಂತಿತು. ವಿಳಾಸ ಸರಿಯಿಲ್ಲ, ಮತ್ತೆ ಪರಿಶೀಲನೆ ಆಗಬೇಕು ಎಂದರಂತೆ. ಕೇಳಲು ಹೋದರೆ ಅವನು, ‘ಹದಿನಾಲ್ಕು ಸಲ ಬಂದವ್ಳಿಗೆ ಹದಿನೈದನೇದು ಭಾರಾನಾ?’ ಎಂದನಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಸೋಮಮ್ಮ. ನಾನು ಜೊತೆಗೆ ಬಂದು ಮಾತಾಡುತ್ತೇನೆ ಎಂದು ಹೋದೆ. ಪುಟ್ಟಲಿಂಗಮ್ಮ ರಾಗಿ ಕೇರುತ್ತಿದ್ದರು. ಮೊರ ಕೆಳಗಿಡಲಿಲ್ಲ, ಕೂತ್ಕೊ ಅನ್ನಲಿಲ್ಲ. ‘ನೀ ಬರ್ಬೇಡ ಬುಡವ್ವ. ನೀ ಬಂದ್ರೆ ಇನ್ನೇನೋ ಬರ್ಕೊಂಡೋಯ್ತೀಯ’ ಎಂದರು. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆಯೇ ನಿನಗೆ ಫೋನ್ ಮಾಡಿದ್ದು. ‘ಒಂದು ಮನೆಯಿಂದ ಸರಾಸರಿ ಅಲ್ಲಾಡಲ್ಲ ಕಣೇ’ ಎಂದೆ ನೀನು, ತಂಗಿಯನ್ನು ಸಮಾಧಾನ ಮಾಡುವ ದನಿಯಲ್ಲಿ. ನನ್ನ ನೂರಿಪ್ಪತ್ತು ಮನೆಗಳಲ್ಲಿ ಹೀಗೆ ಉತ್ತರ ಬದಲಾದದ್ದು ನಲವತ್ತೊಂದು. ಬೇರೆ ಊರುಗಳಲ್ಲಿ ಎಷ್ಟೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಕಳೆದ ವಾರ ವರದಿ ಬಂತು. ಕಚೇರಿಗಳ ಬಗ್ಗೆ ಜನರ ನಂಬಿಕೆ ಹೆಚ್ಚಿದೆ ಎಂದು ಮೇಲಕ್ಕೇರುವ ಗೆರೆ, ಅದರ ಪಕ್ಕದಲ್ಲಿ ನಗುತ್ತಾ ನೀನು. ಭಯಕ್ಕೆ ನಂಬಿಕೆ ಎಂದು ಹೆಸರಿಟ್ಟಿದ್ದೀರಿ. ಅಮ್ಮ ಆ ಪತ್ರಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಅತ್ತಿಗೆಗೆ ನನ್ನ ನಮಸ್ಕಾರ, ಅನನ್ಯಳಿಗೆ ಮುದ್ದು. ನಿನ್ನ ಆರೋಗ್ಯ ಚೆನ್ನಾಗಿರಲಿ. ಅದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಶುಭಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮರುಭೇಟಿಗೆ ಸ್ಥಳೀಯ ಸಿಬ್ಬಂದಿಯನ್ನು ಕರೆದೊಯ್ಯಬೇಕೆಂಬ ಆದೇಶದ ಪ್ರತಿಯನ್ನು ರಾಜೇಶ್ ಕೊಟ್ಟ. ಕೆಳಗಿರುವುದು ನಿನ್ನ ಸಹಿ. ಯಾರ ಜಗಲಿಗೆ ಯಾರು ಹೋಗುತ್ತಾರೆಂದು ನೀನು ಯೋಚಿಸಿರಲಿಕ್ಕಿಲ್ಲ. ಹಾಗೆಂದು ಬೇರೆಯವರಿಗೆ ಹೇಳಬಲ್ಲೆ, ನನಗೇ ಹೇಳಿಕೊಳ್ಳಲಾರೆ. ಶುಕ್ರವಾರ ನಿನ್ನ ಮೇಲಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಿದ್ದೇನೆ, ಆ ಪ್ರತಿಯನ್ನು ಲಗತ್ತಿಸಿ. ಉತ್ತರ ಕೊಟ್ಟ ಮನೆಯವರ ಹೆಸರು ಒಂದನ್ನೂ ಬರೆದಿಲ್ಲ. ನಿನ್ನದನ್ನೂ ನನ್ನದನ್ನೂ ಪೂರ್ತಿ ಬರೆದಿದ್ದೇನೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನಿನಗೆ ನೋಟಿಸು ಬರುವ ಮೊದಲು ಅವಳಿಗೆ ನೀನೇ ಹೇಳು.