ಪೆಡಲಿಗೆ ಎಣ್ಣೆ

ಅಕ್ಕಾ,

ನೀನು ಓದಲ್ಲ ಅಂತ ಗೊತ್ತು. ಆದ್ರೂ ಯಾರಿಗಾದ್ರೂ ಹೇಳಬೇಕಲ್ಲ, ಸುಸ್ತಾಗಿದೆ ಕಣೇ.

ಭಾವ ಮತ್ತೆ ಮದುವೆ ಆಗ್ತಿದಾರೆ. ನಮ್ಮ ಚರ್ಚಿನ ಗಾಯನ ತಂಡದ ನಿಲುವಂಗಿ ಹೊಲಿಯೋ ಟೈಲರಮ್ಮನ್ನ. ಒಳ್ಳೆಯವಳು. ಬೈಯೋಕೆ ಒಂದು ಕಾರಣಾನೂ ಕೊಡಲ್ಲ, ಅದಕ್ಕೇ ಸಿಟ್ಟು.

ಮೊನ್ನೆ ಭಾನುವಾರ ಚರ್ಚಲ್ಲಿ ಮೂರನೇ ಸಲ, ಕೊನೇ ಸಲ, ಅವರ ಮದುವೆ ಪ್ರಕಟಣೆ ಓದಿದ್ರು. "ಯಾರದಾದ್ರೂ ಅಡ್ಡಿ ಇದ್ರೆ ಈಗಲೇ ತಿಳಿಸಿ" ಅಂತ ಫಾದರ್ ಮುಗಿಸಿದ ತಕ್ಷಣ ನಾನು ಆರ್ಗನ್ ಶುರು ಮಾಡಬೇಕು. ಇಪ್ಪತ್ತು ವರ್ಷದಲ್ಲಿ ಒಂದು ಉಸಿರಿನಷ್ಟೂ ತಡ ಮಾಡಿದವಳಲ್ಲ. ಅವತ್ತು ಕಾಲು ಗಾಳಿ ತುಂಬೋ ಪೆಡಲ್ ಮೇಲೇ ಇತ್ತು, ತುಳೀಲಿಲ್ಲ. ಚರ್ಚಿಗೆ ಚರ್ಚೇ ಸುಮ್ಮನಾಯ್ತು. ಯಾರೋ ಕೆಮ್ಮಿದ್ರು. ಫಾದರ್ ಕನ್ನಡಕದ ಮೇಲಿಂದ ನೋಡಿದ್ರು. ನೀನು ತೀರಿಹೋದ ಈ ನಾಲ್ಕು ವರ್ಷ, ದಿನಾ ನನ್ನ ಕೈಯಿಂದ ಊಟದ ಕ್ಯಾರಿಯರ್ ಇಸ್ಕೊಳ್ಳುವಾಗಲೂ ತಲೆ ಎತ್ತದ ಭಾವ, ಹಿಂತಿರುಗಿ ನನ್ನನ್ನೇ ನೋಡಿದ್ರು.

ಆಮೇಲೆ ನುಡಿಸಿದೆ. ಕೇಳಿದವರಿಗೆಲ್ಲ ಪೆಡಲ್ ಸಿಕ್ಕಿಕೊಂಡಿತ್ತು ಅಂದೆ. ಟೈಲರಮ್ಮ ಕೈ ಹಿಡಿದು, "ಮದುವೆಗೂ ನೀವೇ ನುಡಿಸ್ಬೇಕು, ಅಕ್ಕಾ" ಅಂದ್ಲು. ನನಗೆ ಹಾಗೆ ಕರೆದು ಅಭ್ಯಾಸ, ಕರೆಸಿಕೊಂಡು ಅಲ್ಲ. ಹೂಂ ಅಂದೆ.

ಮಾರನೇ ದಿನ ಭಾವ ಎಣ್ಣೆ ಡಬ್ಬಿ ಹಿಡಿದು ಚರ್ಚಿಗೆ ಬಂದ್ರು. ನೆಲದ ಮೇಲೆ ಕೂತು, ಏನೂ ಆಗಿರದ ಪೆಡಲಿಗೆ ಅರ್ಧ ಗಂಟೆ ಎಣ್ಣೆ ಬಿಟ್ರು. "ಈಗ ಸರಿಹೋಯ್ತಾ, ನೋಡು" ಅಂದ್ರು, ತಲೆ ಎತ್ತದೆ.

ತುಳಿದು ನೋಡಿ, "ಸರಿಹೋಯ್ತು, ಭಾವ" ಅಂದೆ.