ಅವ್ವ ಕೇಳಿದ ದಾರಿ ನಿಮ್ಮ ವಿಡಿಯೋದಲ್ಲಿ ಎಲ್ಲಿದೆ?

ಗ್ರಾಮಸಭೆಗಳ ವಿಡಿಯೋ ಜಾಲತಾಣದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಜಾಲತಾಣದಲ್ಲಿ ಎಲ್ಲವೂ ಇದೆ, ಹುಡುಕಿದ್ದು ಮಾತ್ರ ಸಿಗುವುದಿಲ್ಲ. ನನ್ನ ದೂರು ಇಷ್ಟೇ. ಇಷ್ಟರಿಂದಲೇ ನಾವು ಅಪ್ಪನ ಹೆಣವನ್ನು ಎದೆಮಟ್ಟದ ನೀರಿನಲ್ಲಿ ಹೊತ್ತು ಹಳ್ಳ ದಾಟಿಸಬೇಕಾಯಿತು. ಆದ್ದರಿಂದ ತುಸು ವಿವರವಾಗಿ ಬರೆಯುತ್ತಿದ್ದೇನೆ. ಓದುವ ವ್ಯವಧಾನ ತಮಗಿರಲಿ.

ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯವಳು, ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್. ನಮ್ಮ ಕೇರಿಯ ಸ್ಮಶಾನ ಹಳ್ಳದ ಆಚೆಗಿದೆ. ನೀರಿಗಿಳಿಯದೆ ಅಲ್ಲಿಗೆ ಹೋಗಲು ಸೇತುವೆಯ ಕಡೆಯಿಂದ ಸರಕಾರದ್ದೇ ಒಂದು ಪಟ್ಟಿ ಜಾಗವಿದೆ. ಅದನ್ನು ಪಕ್ಕದ ಹೊಲದ ಈರಪ್ಪನವರು ಬಿತ್ತಿಕೊಂಡು ಬಂದಿದ್ದಾರೆ. ಸಭೆಯಲ್ಲಿ ಎಂದೂ ಬಾಯಿ ಬಿಡದ ನನ್ನ ಅವ್ವ ರಾಮವ್ವ, ಕಳೆದ ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾರಿ ಕೇಳಿದಳು. ವೇದಿಕೆಯಲ್ಲಿದ್ದ ಅಧಿಕಾರಿ ಮೈಕ್ ಹಿಡಿದು, ಅದು ಸರಕಾರದ ಜಾಗವೇ, ಮುಂದಿನ ಮಳೆಗಾಲದೊಳಗೆ ಬಿಡಿಸಿಕೊಡುತ್ತೇವೆ ಎಂದರಂತೆ. ನಾನು ಅಂದು ಡ್ಯೂಟಿಯಲ್ಲಿದ್ದೆ. ಠರಾವಿನಲ್ಲಿ 'ಸ್ವಚ್ಛತೆಯ ಬಗ್ಗೆ ಚರ್ಚಿಸಲಾಯಿತು' ಎಂದಷ್ಟೇ ಬರೆದುಕೊಂಡರು. ಅವ್ವನಿಗೆ ಅದರ ಚಿಂತೆ ಇರಲಿಲ್ಲ, ಎದುರಿಗೆ ನಿಮ್ಮ ಕ್ಯಾಮೆರಾ ಇತ್ತು.

ಈ ವರ್ಷ ಆಷಾಢದಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಅಪ್ಪ ಕನಕಪ್ಪ ತೀರಿಕೊಂಡ. ನನ್ನ ಗಂಡ ಶಿವಾಜಿ ಈರಪ್ಪನವರ ಮನೆಗೆ ಹೋಗಿ ದಾರಿ ಕೇಳಿದ. ಅವರು ಬೈಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಗೋವಿನಜೋಳ ಎದ್ದು ನಿಂತಿದೆ, ತಾವು ಆ ಸಭೆಗೆ ಹೋಗಿರಲಿಲ್ಲ, ಬರೀ ಮಾತಿಗೆ ಅಣ್ಣತಮ್ಮಂದಿರು ಒಪ್ಪುವುದಿಲ್ಲ ಎಂದರು. ಕೊನೆಗೆ, "ಸಾಹೇಬ್ರು ಹಂಗ ಅಂದದ್ದು ಖರೇ ಇದ್ರ ತೋರಸ್ರಿ. ತೋರಿಸಿದ ಮ್ಯಾಲೆ ನಾ ಅಡ್ಡ ಬರಂಗಿಲ್ಲ" ಎಂದರು.

ತೋರಿಸುವುದೇನು ದೊಡ್ಡ ಕೆಲಸ? ಊರೂರಿನ ಸಭೆ ಬೆರಳ ತುದಿಯಲ್ಲಿ ಎಂದು ನೀವು ಬಸ್ಸುಗಳ ಬೆನ್ನಿಗೆ ಜಾಹೀರಾತು ಅಂಟಿಸಿದ್ದೀರಲ್ಲ.

ಅಪ್ಪನ ಬಾಜು ಕುಳಿತು ಮೊಬೈಲ್ ತೆರೆದೆ. 'ಸ್ಮಶಾನ' ಎಂದು ಬರೆದೆ, ಏನೂ ಇಲ್ಲ ಎಂದಿತು. 'ರುದ್ರಭೂಮಿ'ಗೂ ಅದೇ ಉತ್ತರ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಬೇರೆ ಜಿಲ್ಲೆಯ ಅದೇ ಹೆಸರಿನ ಊರು ಬಂತು. ಪ್ರತಿ ವಿಡಿಯೋದ ಮುಖಕ್ಕೂ ಇಲಾಖೆಯ ಒಂದೇ ಲಾಂಛನ. ಒಳಗೆ ಯಾರಿದ್ದಾರೆ, ಏನು ನಡೆದಿದೆ ಎಂಬುದನ್ನು ಹೊರಗಿನಿಂದ ತಿಳಿಯುವ ಬಗೆಯೇ ಇಲ್ಲ. ಕಡೆಗೆ ಸಿಕ್ಕಿದ ನಮ್ಮೂರಿನ ವಿಡಿಯೋ ಗಂಟೆಗಟ್ಟಲೆ ಉದ್ದವಿತ್ತು. ಕೆಳಗಿನ ಗೆರೆಯ ಮೇಲೆ ಬೆರಳನ್ನು ಕೂದಲೆಳೆಯಷ್ಟು ಸರಿಸಿದರೆ ದೀಪ ಬೆಳಗುವುದರಿಂದ ವಂದನಾರ್ಪಣೆಗೆ ಜಿಗಿಯುತ್ತಿತ್ತು. ನೆಟ್‌ವರ್ಕ್ ಹೋಗಿ ಬಂದರೆ ಮತ್ತೆ ಮೊದಲಿನಿಂದ ಶುರು. ಒಂದು ಹೆಣದ ಮುಂದೆ ನಿಮ್ಮ ಸ್ವಾಗತಗೀತೆಯನ್ನು ಎಷ್ಟು ಸಲ ಹಾಡಿಸಿದಿರಿ, ಬಲ್ಲಿರಾ?

"ಅಲ್ಲೇ ಐತವಾ, ಹುಡುಕು. ನಾ ಕೇಳಿದ್ನಿ, ಅವ್ರು ಹೂಂ ಅಂದಿದ್ರು" ಎನ್ನುತ್ತಿದ್ದಳು ಅವ್ವ.

ಮಧ್ಯಾಹ್ನ ಜಾರಿತು. ಇನ್ನು ಇಡಬಾರದು ಎಂದರು ಹಿರಿಯರು. ಶಿವಾಜಿ ಮತ್ತು ಕೇರಿಯ ಗಂಡಸರು ಚಟ್ಟ ಹೊತ್ತು ಹಳ್ಳಕ್ಕಿಳಿದರು. ನಡುನೀರಿನಲ್ಲಿ ಮುಂದಿನವನ ಕಾಲು ಜಾರಿ ಚಟ್ಟ ವಾಲಿತು, ಅಪ್ಪನ ತಲೆ ನೀರಿಗೆ ತಾಗಿತು. ದಂಡೆಯಲ್ಲಿ ನಿಂತಿದ್ದ ಅವ್ವ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಮೇಲಿನದು ಇನ್ನೂ ಕೆಟ್ಟದ್ದು. ರಾಮವ್ವ ಏನೋ ತಪ್ಪು ಕೇಳಿಸಿಕೊಂಡಿರಬೇಕು ಎಂದು ಊರಲ್ಲಿ ಮಾತಾಯಿತು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಅವ್ರು ಹಂಗ ಅಂದಿದ್ದಿಲ್ಲೇನವಾ? ನನಗ ಭ್ರಮಿ ಆಗಿತ್ತೇನ?" ಎಂದು ನನ್ನನ್ನೇ ಕೇಳಿದಳು. ಮಾನ್ಯರೇ, ದಾಖಲೆಯನ್ನು ಸುಟ್ಟರೆ ಅಪರಾಧ. ಕೇಳಿಸಿಕೊಂಡವಳೇ ತನ್ನ ಕಿವಿಯನ್ನು ಅನುಮಾನಿಸುವಷ್ಟು ಚೆನ್ನಾಗಿ ಅದನ್ನು ಜೋಪಾನ ಮಾಡಿದರೆ ಅದಕ್ಕೆ ಏನೆನ್ನಬೇಕು?

ರಜೆ ಸಿಕ್ಕಾಗಲೆಲ್ಲ ಹುಡುಕಿದೆ. ಶ್ರಾವಣ ಕಳೆದ ಮೇಲೆ ಸಿಕ್ಕಿತು. ನಮ್ಮ ಸಭೆಯನ್ನು ತುಂಡು ಮಾಡಿ, ನಡುವಿನ ಒಂದು ತುಂಡನ್ನು ಬೇರೊಂದು ಪಂಚಾಯಿತಿಯ ಹೆಸರಿನಡಿ ಇಟ್ಟಿದ್ದಿರಿ. ಅದರ ಶೀರ್ಷಿಕೆ ಬರೀ ಅಂಕಿಗಳು. ಅಲ್ಲಿ ಅವ್ವ ನಿಂತು ಕೇಳುತ್ತಾಳೆ, ಅಧಿಕಾರಿ ಅವಳು ಹೇಳಿದಂತೆಯೇ ಮಾತು ಕೊಡುತ್ತಾರೆ. ಹಿಂದೆ ಕುಳಿತ ಅಪ್ಪ, ಸಾಕು ಕೂಡು ಎಂಬಂತೆ ಅವಳ ಸೆರಗು ಜಗ್ಗುತ್ತ ನಗುತ್ತಿದ್ದಾನೆ.

ಅವ್ವನಿಗೆ ತೋರಿಸಿದೆ. ಅಧಿಕಾರಿಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. "ಅಲ್ಲೇ ನಿಲ್ಲಸು" ಎಂದಳು. ನಿಲ್ಲಿಸಿದೆ. ನಿಲ್ಲಿಸಿದೊಡನೆ ಪರದೆ ಕಪ್ಪಾಗಿ, ಅಪ್ಪನ ಮುಖ ಇದ್ದಲ್ಲಿ ನಿಮ್ಮ ಲಾಂಛನ ಎದ್ದಿತು. ಕೆಳಗೆ 'ನಿಮಗೆ ಇಷ್ಟವಾಗಬಹುದಾದ ಇತರ ವಿಡಿಯೋಗಳು'. ಮತ್ತೆ ಮತ್ತೆ ಪ್ರಯತ್ನಿಸಿದೆ. "ಬಿಡವಾ, ಸಾಕು" ಎಂದು ಅವಳು ಎದ್ದು ಹೋದಳು.

ವಿಡಿಯೋದ ಆ ಕ್ಷಣವನ್ನೇ ತೆರೆಯುವ ಕೊಂಡಿ ಕಳಿಸಲು ನಿಮ್ಮಲ್ಲಿ ಬರುವುದಿಲ್ಲ, ಯಾವ ಕೊಂಡಿ ಒತ್ತಿದರೂ ಮುಖಪುಟ. ಹಾಗಾಗಿ ಮೊಬೈಲ್ ಹಿಡಿದು ನಾನೇ ತಾಲೂಕು ಕಚೇರಿಗೆ ಅಲೆದೆ. ಸರ್ವೆಯಾಯಿತು, ಕಲ್ಲು ನೆಟ್ಟರು. ಈರಪ್ಪನವರು ಕೊಟ್ಟ ಮಾತಿನಂತೆ ನಡೆದುಕೊಂಡರು, ಫಸಲು ಬಂದೊಡನೆ ಜಾಗ ಬಿಟ್ಟರು. ನಮ್ಮ ಮನೆಗೇ ಬಂದು, "ಅವತ್ತ ಇದನ್ನ ತೋರಿಸಿದ್ರ ಅವತ್ತ ಬಿಡ್ತಿದ್ನಿ, ರಾಮಕ್ಕಾ" ಎಂದು ತಲೆ ತಗ್ಗಿಸಿ ಕುಳಿತರು. ಅವರು ತಲೆ ತಗ್ಗಿಸಿದರು, ತಾವು?

ಜಾಲತಾಣ ಚೆನ್ನಾಗಿದೆ ಎಂದು ತಮಗೆ ಹೇಳಿದವರು ಯಾರು? ಬಣ್ಣ ಆರಿಸುವಾಗ, ಗುಂಡಿಗಳನ್ನು ಜೋಡಿಸುವಾಗ, ಯಾವುದಾದರೂ ಕೇರಿಯ ಒಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಿರಾ?

ನನ್ನ ಬೇಡಿಕೆ ಇದು. ಜಾಲತಾಣ ಕಟ್ಟಿದವರನ್ನು ಕರೆದುಕೊಂಡು ಒಂದು ಹಗಲು ನಮ್ಮ ಕೇರಿಗೆ ಬನ್ನಿ. ಮೊಬೈಲನ್ನು ನಮ್ಮವರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ಜನ ಎಲ್ಲಿ ಎಡವುತ್ತಾರೋ ಅಲ್ಲಿ ತಿದ್ದಿ. ನಾವಾಡುವ ಕನ್ನಡದಲ್ಲಿ ಕೇಳಿದರೆ ಸಿಗಲಿ, ಯಾರು ಏನು ಕೇಳಿದರು ಎಂಬುದು ತೆರೆಯುವ ಮೊದಲೇ ಕಾಣಲಿ, ನಿಲ್ಲಿಸಿದಲ್ಲಿ ಚಿತ್ರ ನಿಲ್ಲಲಿ. ಮುಂದಿನ ಮಳೆಗಾಲದೊಳಗೆ ಇದು ಆಗಬೇಕು. ಬೇರೆ ಊರುಗಳಲ್ಲೂ ಹಳ್ಳಗಳಿವೆ. ಅಲ್ಲಿಯೂ ಯಾರೋ ಎದ್ದು ಕೇಳಿದ್ದಾರೆ, ಯಾರೋ ಹೂಂ ಅಂದಿದ್ದಾರೆ.

ಇಂತಿ,
ಒಂದೇ ವಿಡಿಯೋವನ್ನು ಪದೇ ಪದೇ ತೆರೆದು ತಮ್ಮ ಲೆಕ್ಕದಲ್ಲಿ ಬಹುಶಃ ಅಭಿಮಾನಿ ಎನಿಸಿಕೊಂಡಿರುವ,
ಮಲ್ಲಿಕಾ
ಕಲಘಟಗಿ ತಾಲೂಕು