ಅರವತ್ತನಾಲ್ಕೋ, ನೂರಾ ಇಪ್ಪತ್ತೆಂಟೋ

ಭಾಲ್ಕಿ
೨೫ ಏಪ್ರಿಲ್ ೨೦೦೪, ರವಿವಾರ ಮಧ್ಯಾಹ್ನ

ಪ್ರೀತಿಯ ನಿಮಗೆ ಶಾಲುಬಾಯಿಯ ಜೈಭೀಮ.

ಹೇಗಿದ್ದೀರಿ? ಸಿಮೆಂಟು ತಿಂದ ಕೈ ವಾಸಿಯಾಯಿತೇ? ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟಿರಿ. ಪುಣೆಗೆ ಹೋದ ಮೇಲೆ ನನ್ನ ಮಾತೆಲ್ಲ ನಿಮಗೆ ನಗೆಪಾಟಲಾಗಿದೆ. ನಾನು ಚೆನ್ನಾಗಿದ್ದೇನೆ. ಅತ್ತೆಯ ಕಾಲಿನ ಪ್ಲಾಸ್ಟರ್ ಇನ್ನೂ ಹದಿನೈದು ದಿನ ಇರಬೇಕಂತೆ. ಟ್ಯಾಂಕರ್ ಓಣಿಗೆ ಎರಡು ದಿನಕ್ಕೊಮ್ಮೆ ಬರುತ್ತದೆ. ಅದರ ಹತ್ತಿರ ಅತ್ತೆ ಜಾರಿ ಬಿದ್ದಂದಿನಿಂದ ನಮ್ಮ ಕೊಡಗಳನ್ನೂ ಪಕ್ಕದ ಮನೆಯ ಬಿಸ್ಮಿಲ್ಲಾಬೀ ಅವರೇ ತುಂಬಿಸಿ ಕೊಡುತ್ತಾರೆ.

ನಿಮ್ಮ ತಂಗಿ ಕೇಶರಳ ಮದುವೆಯ ಸುದ್ದಿಯನ್ನು ಫೋನಿನಲ್ಲಿ ಅರ್ಧ ಹೇಳಿದ್ದೆ. ಇನ್ನರ್ಧಕ್ಕೆ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ. ಸ್ಲ್ಯಾಬ್ ಹಾಕುವ ದಿನವೇ ಮದುವೆ ಬಂತು, ಮುಕಾದಮ ರಜೆ ಕೊಡಲಿಲ್ಲ, ಅದು ನಿಮ್ಮ ತಪ್ಪಲ್ಲ. ಆದರೆ ನಾವು ಔರಾದಕ್ಕೆ ಹೊರಟಾಗ ಅತ್ತೆ ಹಾಸಿಗೆಯಿಂದಲೇ ನನ್ನ ಸೆರಗು ಹಿಡಿದು, "ಮಚ್ಛ್ಯಾ ಸೀದಾ ಔರಾದಕ್ಕೇ ಬರ್ತಾನಲಾ? ತಂಗಿ ಬೆನ್ನಿಗಿ ನಿಂದರ್ತಾನಲಾ?" ಎಂದು ಕೇಳಿದರು. ನಮ್ಮ ಮನೆಯ ಹೆಣ್ಣು ಗಂಡನ ಮನೆಯ ಗಾಡಿ ಹತ್ತುವವರೆಗೆ ಅಣ್ಣ ಅವಳ ಬೆನ್ನ ಹಿಂದೆ ನಡೆಯಬೇಕಲ್ಲ. ಅವರಿಗೆ ಬರಲಾಗದ ಮದುವೆಯಲ್ಲಿ ನೀವಾದರೂ ಇರುತ್ತೀರಿ ಎಂಬುದೇ ಅವರ ಸಮಾಧಾನ. ನೀವು ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಹೂಂ ಎಂದು ತಲೆಯಾಡಿಸಿದೆ. ಕಿವಿ ಕೇಳದವರ ಮುಂದೆ ತಲೆಯಾಡಿಸುವುದು ಬಹಳ ಸುಲಭ.

ತಿರುಗಿ ಬಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಮಿಕ್ಸಿಂಗಿಗೆ ಕೂತೆ. ಈ ವರ್ಷ ಎಲ್ಲರಿಗೂ ಬೆನ್ನ ಹಿಂದೆ ಜಲಪಾತವೇ ಬೇಕು. ಬಾವಿ ಒಣಗಿದ ಊರುಗಳ ಮದುಮಕ್ಕಳನ್ನು ಕಂಪ್ಯೂಟರಿನೊಳಗೆ ನೀರಿನ ಮುಂದೆ ನಿಲ್ಲಿಸಿ ನಿಲ್ಲಿಸಿ ನನಗೂ ಒಂದು ನಮೂನೆ ಮಂಪರು ಹಿಡಿದಿತ್ತು. ಬಾಗಿಲಾಚೆ ಬಿಸಿಲು ಸುಡುತ್ತಿದ್ದರೆ ನನ್ನ ಕಾಲ ಬೆರಳಿಗೆ ತಂಪು ತಾಗಿದ ಹಾಗೆ ಆಗುತ್ತಿತ್ತು. ಇಲ್ಲದ ನೀರನ್ನು ತರಬಹುದಾದರೆ ಇಲ್ಲದ ನಿಮ್ಮನ್ನು ಯಾಕೆ ತರಬಾರದು ಅನಿಸಿತು. ಎರಡು ವರ್ಷದ ಹಿಂದೆ ಕಮಲನಗರದಲ್ಲಿ ನಿಮ್ಮ ಸೋದರಮಾವನ ಮಗಳ ಮದುವೆಯಾಯಿತಲ್ಲ, ಆ ಟೇಪು ತೆಗೆದೆ. ಅದರಲ್ಲಿ ನೀವು ಮಂಟಪದ ಕೆಳಗೆ ನೀಲಿ ಅಂಗಿ ಹಾಕಿಕೊಂಡು, ಯಾರೋ ಕರೆದಂತೆ ಎಡಕ್ಕೆ ವಾಲಿ ನಡೆಯುತ್ತೀರಿ. ಒಂದೊಂದು ಚಿತ್ರದಲ್ಲೂ ನಿಮ್ಮ ಸುತ್ತ ಗೆರೆ ಎಳೆದು, ಬಿಡಿಸಿ, ಔರಾದದ ಅಂಗಳದಲ್ಲಿ ಕೇಶರಳ ಬೆನ್ನ ಹಿಂದೆ ನಡೆಸಿದೆ. ನಾಲ್ಕು ದಿನ ನಿಮ್ಮ ಕಿವಿ, ಮೂಗು, ಬೆರಳು ಎಂದು ಗೆರೆ ಎಳೆಯುತ್ತ ಕೂತಿದ್ದೆ. ನೀವು ಎದುರಿಗಿದ್ದಾಗಲೂ ನಾನು ನಿಮ್ಮನ್ನು ಅಷ್ಟು ನೋಡಿರಲಿಲ್ಲ.

ಬಿಸ್ಮಿಲ್ಲಾಬೀ ಅವರ ಟಿವಿಯನ್ನು ಅತ್ತೆಯ ಹಾಸಿಗೆಯ ಎದುರಿಗೇ ತಂದಿಟ್ಟು ಸಿಡಿ ಹಾಕಿದೆವು. ಮೊದಲ ಸಲ ಅತ್ತರು, ಎರಡನೆಯ ಸಲ ನಕ್ಕರು. ಮೂರನೆಯ ಸಲ ಹಾಸಿಗೆಯಿಂದಲೇ ಮುಂದಕ್ಕೆ ಬಾಗಿ, "ಎಲ್ಲಾರಿಗೂ ನೆಳ್ಳ ಅದ. ನನ್ನ ಮಗಗ ಯಾಕ ಇಲ್ಲ?" ಎಂದರು. ಔರಾದದಲ್ಲಿ ಮಟಮಟ ಮಧ್ಯಾಹ್ನ, ಎಲ್ಲರ ಕಾಲ ಬುಡದಲ್ಲೂ ಕರಿ ನೆರಳು. ಮಂಟಪದಿಂದ ಎತ್ತಿ ತಂದ ನಿಮಗೆ ಮಾತ್ರ ಅದಿಲ್ಲ. ನನಗೆ ನಗು ಬಂತು. ಅವರು ನಗಲಿಲ್ಲ. ದೆವ್ವಕ್ಕೆ ನೆರಳಿರುವುದಿಲ್ಲವಲ್ಲ. ನೀವು ಪುಣೆಯ ಬಿಲ್ಡಿಂಗಿನಿಂದ ಬಿದ್ದು ಹೋಗಿಬಿಟ್ಟಿದ್ದೀರಿ, ಸತ್ತ ಮೇಲೂ ತಂಗಿಯ ಬೆನ್ನಿಗೆ ನಿಲ್ಲಲು ಬಂದಿದ್ದೀರಿ, ನಾವೆಲ್ಲ ಅದನ್ನು ಮುಚ್ಚಿಡುತ್ತಿದ್ದೇವೆ ಎಂದು ತೀರ್ಮಾನ ಮಾಡಿಕೊಂಡು ತಾಟು ಆಚೆ ತಳ್ಳಿದರು. ಅವರಿಗೆ ಓದಲು ಬರುವುದಿಲ್ಲ, ನಿಮ್ಮ ಕಾಗದ ತೋರಿಸಿ ಏನು ಮಾಡಲಿ? ನೀವು ಫೋನು ಮಾಡಿದ ದಿನ ರಿಸೀವರನ್ನು ಅವರ ಕಿವಿಗೇ ಹಿಡಿದಿದ್ದೆನಲ್ಲ, "ಬರೇ ಗುಂಯ್ ಅಂತದ" ಎಂದು ಕೈಗೆ ವಾಪಸು ಕೊಟ್ಟರು. ಎರಡು ದಿನ ಚಹಾದ ಮೇಲೇ ಇದ್ದರು. ನನಗೆ ಬಹಳ ಹೆದರಿಕೆಯಾಯಿತು.

ನೆರಳು ಕೂಡಿಸೋಣವೆಂದರೆ ಸ್ಟುಡಿಯೋದ ಕಂಪ್ಯೂಟರಿಗೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡೇ ಬೇರೆ ಇರಲಿಲ್ಲ. ನೀವು ಒಂದು ಹೆಜ್ಜೆ ಇಟ್ಟರೆ ಪರದೆ ನಿಂತೇ ಬಿಡುತ್ತಿತ್ತು, ನೆರಳು ಕಾಲಿಗೆ ಕೂಡುತ್ತದೋ ಇಲ್ಲವೋ ತಿಳಿಯುತ್ತಲೇ ಇರಲಿಲ್ಲ. ಅದೇ ವಾರ ಸ್ಟುಡಿಯೋದ ಮಾಲೀಕರು ಬದ್ರೋದ್ದೀನ ಭಾಯಿ ಬೀದರದ ಅಂಗಡಿಯಿಂದ ಎರಡು ಕಾರ್ಡು ತಂದರು. ಒಂದನ್ನು ಇಟ್ಟುಕೊಂಡು ಒಂದನ್ನು ತಿರುಗಿಸಬೇಕು. ಎರಡರಲ್ಲೂ ಒಂದೇ ಚಿಪ್. ಒಂದರ ಮೆಮೊರಿ ನೂರಾ ಇಪ್ಪತ್ತೆಂಟು ಎಂ.ಬಿ., ಮೇಲೆ ಹೊಳೆಯುವ ಫ್ಯಾನು, ಡಬ್ಬಿಯ ಮೇಲೆ ಕತ್ತಿ ಹಿಡಿದ ಹುಡುಗಿ. ಇನ್ನೊಂದು ಅರವತ್ತನಾಲ್ಕು, ಫ್ಯಾನೂ ಇಲ್ಲ, ಹುಡುಗಿಯೂ ಇಲ್ಲ. ಭಾಯಿ "ದೊಡ್ಡದೇ ಇಟ್ಕೋರಿ ಬಾಯಿ, ಡಬ್ಬಲ್ ಅದ" ಎಂದರು. ಬೀದರದಲ್ಲಿದ್ದಾಗ ಮೈಲೂರಿನ ಕಂಪ್ಯೂಟರ್ ಕ್ಲಾಸಿಗೆ ನೀವು ನನ್ನನ್ನು ಸೈಕಲ್ಲಿನಲ್ಲಿ ಬಿಟ್ಟು ಬರುತ್ತಿದ್ದದ್ದು ಸುಮ್ಮನೆ ಹೋಗಿಲ್ಲ ಕೇಳಿ. ಒಳಗಿನ ಚೀಟಿಯ ಸಣ್ಣಕ್ಷರ ಓದಿದೆ. ದೊಡ್ಡದರಲ್ಲಿ ಮೆಮೊರಿಗೆ ಹೋಗಿ ಬರುವ ದಾರಿ ಅರವತ್ತನಾಲ್ಕು ಬಿಟ್, ಸಣ್ಣದರಲ್ಲಿ ನೂರಾ ಇಪ್ಪತ್ತೆಂಟು. ನೀರಿನ ಟಾಕಿ ದೊಡ್ಡದು, ನಳ ಸಣ್ಣದು ಎಂದು ಹೇಳಿದರೆ ಈ ವರ್ಷ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಪರೀಕ್ಷೆ ಮಾಡದೆ ಬಿಡಲಿಲ್ಲ. ಮದುವೆ ಆಲ್ಬಮ್ಮಿನ ದೊಡ್ಡ ದೊಡ್ಡ ಫೋಟೋಗಳನ್ನು ಒಟ್ಟಿಗೆ ತೆರೆದರೆ ದೊಡ್ಡ ಕಾರ್ಡೇ ವಾಸಿ, ಸಣ್ಣದು ತಡವರಿಸುತ್ತದೆ. ಆದರೆ ನಿಮ್ಮನ್ನು ನಡೆಸಿ ನೋಡಿದರೆ ಮಾತು ಬೇರೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡಬೇಕು. ದೊಡ್ಡದರಲ್ಲಿ ಹನ್ನೊಂದು ಓಡಿದವು, ನೀವು ಗಾಡಿಯ ಹತ್ತಿರ ಹೋಗಿ ನಿಂತ ಮೇಲೆ ನಿಮ್ಮ ನೆರಳು ಹಿಂದಿನಿಂದ ಬಂತು. ಸಣ್ಣದರಲ್ಲಿ ಇಪ್ಪತ್ತೆರಡು. ನೆರಳು ಕಾಲು ಬಿಡದೆ, ನಿಮ್ಮ ಹಾಗೆಯೇ ಎಡಕ್ಕೆ ವಾಲಿಕೊಂಡು ನಡೆಯಿತು. ಅದು ಕೇಶರಳ ಹಸಿರು ಸೀರೆಯನ್ನು ದಾಟಿ, ಒಣ ಮಣ್ಣಿನ ಮೇಲೆ ಹರಿದು, ಪರದೆಯ ಅಂಚಿನವರೆಗೆ ಬಂದಾಗ ಇನ್ನೇನು ಕೆಳಗಿಳಿದು ನನ್ನ ಮಡಿಲಿಗೇ ಬರುತ್ತದೆ ಅನಿಸಿತು. ಭಾಯಿ ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ. ನಿಮ್ಮ ನೆನಪು ಬಹಳ ಬಂತು. ಸಣ್ಣದನ್ನೇ, ಅರವತ್ತನಾಲ್ಕು ಎಂ.ಬಿ.ಯದನ್ನೇ ಇಟ್ಟುಕೊಂಡೆವು.

ಹೊಸ ಸಿಡಿ ನೋಡಿದ ಅತ್ತೆ ಟಿವಿಯ ಗಾಜಿನ ಮೇಲೆ ನಿಮ್ಮ ನೆರಳಿಗೆ ಬೆರಳಿಟ್ಟು ಅದು ಹೋದಲ್ಲೆಲ್ಲ ಹೋದರು. ಆಮೇಲೆ ರೊಟ್ಟಿ ಕೇಳಿ ತಿಂದರು. "ನನ್ನ ಮಗ ಬಂದಿದ್ದ, ತಂಗಿ ಬೆನ್ನಿಗಿ ನಿಂತಿದ್ದ" ಎಂದು ಓಣಿಗೆಲ್ಲ ಹೇಳುತ್ತಿದ್ದಾರೆ. ಸುಳ್ಳು ಎಂದು ಗೊತ್ತಿದ್ದೂ ಬಿಸ್ಮಿಲ್ಲಾಬೀ ಹೌದೌದು ಎಂದು ತಲೆಯಾಡಿಸುತ್ತಾರೆ. ನನ್ನ ಎದೆಯೂ ಹಗುರವಾಗಿದೆ.

ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಎತ್ತರದಲ್ಲಿ ಕೆಲಸ ಮಾಡುವಾಗ ಹುಷಾರು. ಅತ್ತೆಯ ಆಶೀರ್ವಾದ, ಕೇಶರಳ ನಮಸ್ಕಾರ, ಬದ್ರೋದ್ದೀನ ಭಾಯಿಯ ಸಲಾಮು.

ನಿಮ್ಮ
ಶಾಲು

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಚಹಾ ಕೊಡಲು ಹೋದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಔರಾದ ತನಕ ಬಂದಂವಗ ಭಾಲ್ಕಿ ದೂರಾಯ್ತೇನ? ಕಾಲ ಮುರಕೊಂಡ ಬಿದ್ದ ಅವ್ವನ್ನ ನೋಡಬೇಕನಸಲಿಲ್ಲೇನ ಅವಗ?" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆತ್ತಗೆ ಹೇಳಿದರು. ಇಷ್ಟು ದಿನದಲ್ಲಿ ಇದೊಂದು ನನಗೆ ಹೊಳೆಯಲೇ ಇಲ್ಲ. ನೀವು ಬಂದೇ ಇಲ್ಲ ಎಂದು ಈಗ ಹೇಳಿದರೆ ಸತ್ತಿದ್ದೀರಿ ಎಂದುಕೊಳ್ಳುತ್ತಾರೆ. ಹೇಳದಿದ್ದರೆ, ಬಂದೂ ತಾಯಿಯನ್ನು ನೋಡದೆ ಹೋದ ಮಗನಾಗಿ ಉಳಿಯುತ್ತೀರಿ. ನಿಮ್ಮನ್ನು ಅಂಥವರನ್ನಾಗಿ ಮಾಡಿದ್ದು ನನ್ನ ಕೈ. ಮುಕಾದಮನ ಕೈಕಾಲು ಹಿಡಿದಾದರೂ ಒಂದು ದಿನ ಬನ್ನಿ. ಬಂದ ಕೂಡಲೇ ಅವರ ಹತ್ತಿರ ಹೋಗಿ ಕೂತುಕೊಳ್ಳಿ, ನನ್ನನ್ನು ಆಮೇಲೆ ಮಾತಾಡಿಸಿದರೂ ನಡೆಯುತ್ತದೆ.